ಮನೆಗೆ ಕಳಿಸುವ ಪಟ್ಟಿ

ಹತ್ತೊಂಬತ್ತು ವರ್ಷ ಒಂದೇ ಆಸ್ಪತ್ರೆಯ ಒಂದೇ ಮಹಡಿಯಲ್ಲಿ ನರ್ಸಾಗಿ ದುಡಿದ ಮೇಲೆ, ಗಂಟೆಗೆ ಎರಡು ಡಾಲರ್ ಹೆಚ್ಚು ಕೊಡಿ ಎಂದು ಕೇಳಿದೆ. ಮ್ಯಾನೇಜರ್ ನನ್ನ ಕೈ ಹಿಡಿದುಕೊಂಡು, ನೀನು ನಮ್ಮ ಮನೆಯವಳಿದ್ದ ಹಾಗೆ ವರ್ನಾ, ಎಂದಳು. ಮನೆಯವರಿಗೆ ಸಂಬಳ ಹೆಚ್ಚಿಸುವ ಪದ್ಧತಿ ಎಲ್ಲೂ ಇಲ್ಲವಲ್ಲ, ಮಾತು ಅಲ್ಲಿಗೆ ಮುಗಿಯಿತು.

ಅದೇ ವಾರ ನಮ್ಮ ಮಹಡಿಗೆ ಒಬ್ಬ ಟ್ರಾವೆಲ್ ನರ್ಸ್ ಬಂದ. ಹದಿಮೂರು ವಾರದ ಕರಾರು. ಔಷಧಿಯ ಕೋಣೆ ಎಲ್ಲಿದೆ, ಯಾವ ಡಾಕ್ಟರು ಫೋನ್ ಮಾಡಿದರೆ ಸಿಡುಕುತ್ತಾರೆ, ಎಲ್ಲವನ್ನೂ ನಾನೇ ಹೇಳಿಕೊಡಬೇಕು. ಅವನ ಒಂದು ವಾರದ ಸಂಬಳ ನನ್ನ ಎರಡು ವಾರದ್ದು. ಹಿತ್ತಲ ಗಿಡ ಮದ್ದಲ್ಲ ಎನ್ನುವುದನ್ನು ಅಷ್ಟು ದಿನ ಬೇರೆಯವರಿಗೆ ಹೇಳಿಕೊಂಡು ನಕ್ಕಿದ್ದೆ. ಈಗ ಆ ಗಿಡ ನಾನೇ ಎಂದು ತಿಳಿಯಿತು. ಮನೆಗೆ ಬಂದು ರಾಜೀನಾಮೆ ಬರೆದೆ. ನನ್ನ ಕೋಪ ಹಾಗೆ, ಬಂದರೆ ಕೆಲಸ ಮುಗಿಸಿಯೇ ಹೋಗುತ್ತದೆ.

ನರ್ಸುಗಳನ್ನು ಊರೂರಿಗೆ ಕಳಿಸುವ ಏಜೆನ್ಸಿಯ ಹುಡುಗ ಬ್ರೆಂಟ್ ನನಗೆ ಮರ್ಟನ್ ಎಂಬ ಊರಿನಲ್ಲಿ ಕೆಲಸ ಹುಡುಕಿಕೊಟ್ಟ. ನನ್ನ ಊರು ಹಾಲ್‌ಸ್ಟೆಡ್‌ನಿಂದ ನೂರಾ ಹನ್ನೆರಡು ಮೈಲಿ, ಎರಡೂ ನಾರ್ತ್ ಡಕೋಟಾದ ಒಂದೇ ಹೆದ್ದಾರಿಯ ಮೇಲಿವೆ. ಮನೆಯಿಂದ ದೂರ ಹೋಗಿ ದುಡಿಯಬೇಕು, ಸ್ವಂತ ಮನೆಯನ್ನೂ ಇಟ್ಟುಕೊಂಡಿರಬೇಕು, ಅಲ್ಲಿಯೂ ಬಾಡಿಗೆ ಕಟ್ಟಬೇಕು. ಹಾಗಿದ್ದರೆ ಮಾತ್ರ ಸಂಬಳದಲ್ಲಿ ಊಟ ವಸತಿಯ ಭಾಗಕ್ಕೆ ತೆರಿಗೆ ಇಲ್ಲ. ನಮ್ಮ ಹೆಚ್ಚಿನ ಸಂಬಳದ ಗುಟ್ಟು ಅರ್ಧ ಅದರಲ್ಲೇ ಇದೆ.

ಮರ್ಟನ್‌ನಲ್ಲಿ ಮನೆ ಹುಡುಕುವಾಗ ಸಿಕ್ಕಿದವಳು ರೋಂಡಾ ವಾಸೆಕ್. ಅವಳೂ ನರ್ಸು. ಹದಿನಾಲ್ಕು ವರ್ಷ ಮರ್ಟನ್ ಆಸ್ಪತ್ರೆಯಲ್ಲಿದ್ದು, ಅಲ್ಲಿಯ ಮ್ಯಾನೇಜರ್ ಮೇಲೆ ಸಿಟ್ಟಾಗಿ ಬಿಟ್ಟಿದ್ದಳು. ಈಗ ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಫೋನಿನಲ್ಲಿ ಕೇಳಿದೆ. ಹಾಲ್‌ಸ್ಟೆಡ್ ಎಂದಳು. ಯಾವ ಮಹಡಿ ಎಂದೆ. ನನ್ನದೇ ಮಹಡಿ. ನಾನು ಬಿಟ್ಟ ಕುರ್ಚಿಗೆ ಅವಳು, ಅವಳು ಬಿಟ್ಟ ಕುರ್ಚಿಗೆ ನಾನು, ಇಬ್ಬರಿಗೂ ಸುಮಾರು ಎರಡರಷ್ಟು ಸಂಬಳ. ಎರಡು ಆಸ್ಪತ್ರೆಗಳೂ ನಮ್ಮನ್ನು ನಮ್ಮ ನಮ್ಮ ಜಾಗದಲ್ಲೇ ಇಟ್ಟುಕೊಂಡು ಗಂಟೆಗೆ ಎರಡು ಡಾಲರ್ ಕೊಟ್ಟಿದ್ದರೆ ಮುಗಿಯುತ್ತಿತ್ತು. ನಾವಿಬ್ಬರೂ ಫೋನಿನಲ್ಲಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಕೊನೆಗೆ ಅವಳ ಮನೆ ನಾನು ಬಾಡಿಗೆಗೆ ಹಿಡಿದೆ, ನನ್ನ ಮನೆ ಅವಳು. ತಿಂಗಳಿಗೆ ಆರುನೂರು ಡಾಲರ್ ಚೆಕ್ಕು ನಾನು ಅವಳಿಗೆ ಕಳಿಸುತ್ತಿದ್ದೆ, ಆರುನೂರು ಡಾಲರ್ ಚೆಕ್ಕು ಅವಳು ನನಗೆ. ತೆರಿಗೆಯವರು ಕೇಳಿದರೆ ತೋರಿಸಲು ಕಾಗದ ಬೇಕಲ್ಲ. ಅಂಚೆಯವನೊಬ್ಬನಿಗೆ ಲಾಭ.

ಇಬ್ಬರದ್ದೂ ಸೋಮವಾರ, ಮಂಗಳವಾರ, ಬುಧವಾರ ಹನ್ನೆರಡು ಗಂಟೆಯ ಪಾಳಿ. ಭಾನುವಾರ ಮಧ್ಯಾಹ್ನ ನಾನು ಪಶ್ಚಿಮಕ್ಕೆ ಹೊರಡುತ್ತಿದ್ದೆ, ಅವಳು ಪೂರ್ವಕ್ಕೆ. ಗುರುವಾರ ಬೆಳಿಗ್ಗೆ ತಿರುಗಿ ಅವರವರ ಮನೆಗೆ. ನಡುದಾರಿಯಲ್ಲಿ, ಗೋಧಿ ಕಣಜದ ಹತ್ತಿರ, ಅವಳ ಕೆಂಪು ಕಾರು ಎದುರಿಗೆ ಬರುತ್ತಿತ್ತು. ಅವಳು ಒಮ್ಮೆ ದೀಪ ಮಿನುಗಿಸುತ್ತಿದ್ದಳು, ನಾನು ಕೈ ಎತ್ತುತ್ತಿದ್ದೆ. ಮುಖಾಮುಖಿ ಒಂದು ದಿನವೂ ಭೇಟಿಯಾಗಲಿಲ್ಲ. ಆದರೆ ಅವಳ ತಲೆದಿಂಬು ಎಷ್ಟು ಗಟ್ಟಿ, ಅವಳು ಕಾಫಿಗೆ ಎಷ್ಟು ಸಕ್ಕರೆ ಹಾಕುತ್ತಾಳೆ, ಅವಳ ಹಿಂದಿನ ಬಾಗಿಲನ್ನು ಯಾವ ಮೂಲೆಯಲ್ಲಿ ಒದೆಯಬೇಕು, ಎಲ್ಲವೂ ನನಗೆ ಗೊತ್ತಿತ್ತು. ಮಾತುಕತೆಯೆಲ್ಲ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಚೀಟಿಗಳಲ್ಲಿ. ‘ಹಾಲು ತಂದಿಟ್ಟಿದ್ದೀನಿ.’ ‘ನಿಮ್ಮ ಬಾತ್‌ರೂಮಿನ ನಲ್ಲಿ ತೊಟ್ಟಿಕ್ಕುತ್ತೆ.’ ‘ಗೊತ್ತು, ನಾಲ್ಕು ವರ್ಷದಿಂದ.’

ಇನ್ನು ಪಟ್ಟಿಯ ವಿಷಯ ಹೇಳಬೇಕು. ಮಹಡಿಯಲ್ಲಿ ರೋಗಿಗಳು ಕಡಿಮೆಯಾದರೆ ಆಸ್ಪತ್ರೆ ಒಬ್ಬ ನರ್ಸನ್ನು ಆ ದಿನ ಸಂಬಳವಿಲ್ಲದೆ ಮನೆಗೆ ಕಳಿಸುತ್ತದೆ. ಯಾರನ್ನು ಎಂಬುದಕ್ಕೆ ಸರದಿಯ ಪಟ್ಟಿ ಇರುತ್ತದೆ. ಹಾಲ್‌ಸ್ಟೆಡ್‌ನಲ್ಲಿ ಆ ಪಟ್ಟಿಯನ್ನು ಹನ್ನೊಂದು ವರ್ಷ ಬರೆದವಳು ನಾನು. ನನ್ನ ಹೆಸರು ಬಂದ ದಿನ ನಾನೇ ಮೊದಲು ಕೋಟು ಹಾಕಿಕೊಂಡಿದ್ದೇನೆ. ಫೋನಿನಲ್ಲಿ ಹೇಳಬಾರದು, ಬೆಳಿಗ್ಗೆ ಎಲ್ಲರೂ ಬಂದು ನಿಂತ ಮೇಲೆ ಮುಖ ನೋಡಿಯೇ ಹೇಳಬೇಕು ಎಂಬುದೂ ನಾನು ಮಾಡಿದ ನಿಯಮ. ಮುಖ ನೋಡಿ ಹೇಳುವಾಗ ಮೋಸ ಮಾಡುವುದು ಕಷ್ಟ. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೇ ಇತ್ತು.

ಟ್ರಾವೆಲ್ ನರ್ಸುಗಳ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ. ನಮ್ಮ ಕರಾರಿನಲ್ಲಿ ವಾರಕ್ಕೆ ಮೂವತ್ತಾರು ಗಂಟೆ ಖಾತ್ರಿ. ಮನೆಗೆ ಕಳಿಸಿದರೂ ನಮಗೆ ಹಣ ಕೊಡಬೇಕು, ಹಾಗಾಗಿ ಕಳಿಸುವುದು ಊರಿನ ನರ್ಸುಗಳನ್ನು. ನಾವೇ ಬಾಯಿ ಬಿಟ್ಟು, ನಾನು ಹೋಗುತ್ತೇನೆ ಎಂದರೆ ಮಾತ್ರ ಆ ದಿನದ ಸಂಬಳ ಹೋಗುತ್ತದೆ. ಹಾಗೆ ಹೇಳುವಷ್ಟು ದಡ್ಡರು ನಮ್ಮಲ್ಲಿ ಇಲ್ಲ.

ಫೆಬ್ರವರಿ ಕೊನೆಯಲ್ಲಿ ಆರ್ಡಿಸ್ ಮನೆಗೆ ಕಾಫಿಗೆ ಹೋದೆ. ಆರ್ಡಿಸ್ ಹಾಲ್‌ಸ್ಟೆಡ್ ಮಹಡಿಯಲ್ಲಿ ನನ್ನ ಜೊತೆ ಹದಿನೇಳು ವರ್ಷ ದುಡಿದವಳು, ನನ್ನ ಮದುವೆ ಮುರಿದ ವರ್ಷ ದಿನಾ ಸಂಜೆ ಊಟದ ಪಾತ್ರೆ ತಂದು ಬಾಗಿಲಲ್ಲಿಟ್ಟು, ಬೆಲ್ಲು ಒತ್ತದೆ ಹೋಗುತ್ತಿದ್ದವಳು. ಅವಳ ಗಂಡ ಡೆಲ್ಮರ್‌ಗೆ ಹೃದಯದ ಕವಾಟದ ಆಪರೇಷನ್ ಮೇ ಹದಿನಾಲ್ಕಕ್ಕೆ ಗೊತ್ತಾಗಿತ್ತು. ವಿಮೆ ಅವಳ ಕೆಲಸದ್ದು. ಏಪ್ರಿಲ್ ಕೊನೆಗೆ ಮೂರು ತಿಂಗಳ ಗಂಟೆ ಕೂಡಿಸಿ, ವಾರಕ್ಕೆ ಸರಾಸರಿ ಮೂವತ್ತಕ್ಕಿಂತ ಕಡಿಮೆ ಬಂದರೆ ವಿಮೆ ತಪ್ಪುತ್ತದೆ. ಆ ತಿಂಗಳು ಅವಳನ್ನು ಆಗಲೇ ಮೂರು ಸಲ ಮನೆಗೆ ಕಳಿಸಿದ್ದರು. ಆ ಹೊಸ ಟ್ರಾವೆಲರ್ ಒಳ್ಳೆಯವಳೇ, ಎಂದಳು ಆರ್ಡಿಸ್, ಅವಳದೇನೂ ತಪ್ಪಿಲ್ಲ.

ನನಗೆ ಮೈಯೆಲ್ಲ ಉರಿಯಿತು. ನನ್ನ ಹಾಸಿಗೆಯಲ್ಲಿ ಮಲಗಿ, ನನ್ನ ಆರ್ಡಿಸ್‌ಳ ಗಂಟೆ ತಿನ್ನುತ್ತಾಳಲ್ಲ ಎಂದು ಮನೆಗೆ ಬಂದು ಚೀಟಿ ಬರೆದೆ. ಆರ್ಡಿಸ್ ಯಾರು, ಡೆಲ್ಮರ್‌ಗೆ ಏನಾಗಿದೆ, ಎಲ್ಲ ಬರೆದು, ಕೊನೆಯಲ್ಲಿ ‘ನಿಮಗೆ ನಾಚಿಕೆಯಾಗಬೇಕು’ ಎಂದು ಸೇರಿಸಿದೆ.

ಮುಂದಿನ ಗುರುವಾರ ನನ್ನ ಫ್ರಿಜ್ಜಿನ ಮೇಲೆ ಉತ್ತರ ಇತ್ತು. ‘ಮರ್ಟನ್‌ನಲ್ಲಿ ನಿಮ್ಮ ಜೊತೆ ಕೆಲಸ ಮಾಡುವ ಟೆಸ್ ನನ್ನ ತಂಗಿ. ಜೂನ್‌ನಲ್ಲಿ ಹೆರಿಗೆ. ನೀವು ಬಂದ ಮೇಲೆ ಅವಳನ್ನು ಮೂರು ಸಲ ಮನೆಗೆ ಕಳಿಸಿದ್ದಾರೆ. ಅವಳ ವಿಮೆಗೂ ಮೂವತ್ತು ಗಂಟೆಯೇ.’

ಟೆಸ್ ನನಗೆ ಚೆನ್ನಾಗಿ ಗೊತ್ತಿದ್ದ ಹುಡುಗಿ. ಊಟದ ಹೊತ್ತಿಗೆ ನನಗೊಂದು ಕುರ್ಚಿ ಹಿಡಿದಿಡುತ್ತಿದ್ದಳು. ಇನ್ನೊಂದು ಕುರ್ಚಿಯ ಮೇಲೆ ತನ್ನ ಊದಿದ ಕಾಲು. ಒಂದು ದಿನವೂ ಇದನ್ನು ಬಾಯಿ ಬಿಟ್ಟಿರಲಿಲ್ಲ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ನನ್ನನ್ನು ನಾನೇ ಬೈದುಕೊಂಡೆ.

ಅವತ್ತು ಮೊದಲ ಸಲ ಬಾಡಿಗೆಯ ವಿಷಯ ಬಿಟ್ಟು ಬೇರೆಯದಕ್ಕೆ ರೋಂಡಾಗೆ ಫೋನ್ ಮಾಡಿದೆ. ಮಾತು ಐದು ನಿಮಿಷವೂ ಆಗಲಿಲ್ಲ.

“ನಿಮ್ಮ ಆರ್ಡಿಸ್ ಸರದಿ ಬಂದ ದಿನ ನಾನು ಮನೆಗೆ ಹೋಗ್ತೀನಿ,” ಎಂದಳು. “ನಮ್ಮ ಟೆಸ್ ಸರದಿ ಬಂದ ದಿನ ನೀವು ಹೋಗಿ. ಒಂದು ದಿನಕ್ಕೆ ಏಳುನೂರು ಚಿಲ್ಲರೆ ಹೋಗುತ್ತೆ, ನಿಮಗೂ ಅಷ್ಟೇ, ನನಗೂ ಅಷ್ಟೇ. ಆಗುತ್ತೇನ್ರೀ?”

“ಆಗುತ್ತೆ,” ಎಂದೆ.

“ಇವತ್ತು ಆಗುತ್ತೆ ಅಂತೀರ. ದುಡ್ಡು ಬೇಕಾದ ದಿನ?”

“ನಾನು ಹನ್ನೊಂದು ವರ್ಷ ಪಟ್ಟಿ ಬರೆದವಳು ಕಣ್ರೀ. ನನಗೆ ಹೇಳಿಕೊಡಬೇಡಿ.”

ನಾಲ್ಕು ವಾರ ಇದು ಗಡಿಯಾರದ ಹಾಗೆ ನಡೆಯಿತು. ಮರ್ಟನ್‌ನಲ್ಲಿ ಬೆಳಿಗ್ಗೆ ಐದಕ್ಕೆ ಫೋನ್ ಮಾಡಿ ಮನೆಯಲ್ಲೇ ಇರಿ ಎನ್ನುತ್ತಾರೆ. ನಾನು ಕಾಲು ಗಂಟೆ ಮುಂಚೆಯೇ ಗ್ಲೆನ್‌ಗೆ ಫೋನ್ ಮಾಡಿ ಇವತ್ತು ಯಾರ ಸರದಿ ಎಂದು ಕೇಳುತ್ತಿದ್ದೆ. ಗ್ಲೆನ್ ರಾತ್ರಿ ಪಾಳಿಯ ಹಿರಿಯ ನರ್ಸು, ಒಂದು ಮಾತಿನಲ್ಲಿ ಆಗುವುದಕ್ಕೆ ಎರಡು ಮಾತು ಆಡದ ಮನುಷ್ಯ. ಟೆಸ್ ಎಂದರೆ, ಅವಳ ಬದಲು ನನ್ನನ್ನು ಬಿಡಿ ಎನ್ನುತ್ತಿದ್ದೆ. ಎರಡು ಸಲ ಹಾಗೆ ಮಾಡಿದೆ. ಸಂಬಳ ಉಳಿದದ್ದಕ್ಕೆ ಅಲ್ಲಿಯ ಮ್ಯಾನೇಜರ್ ಖುಷಿಯಾಗಿ ನನಗೊಂದು ಕಾಫಿ ಕಾರ್ಡು ಕೊಟ್ಟಳು. ಐದು ಡಾಲರಿನದು. ಹಾಲ್‌ಸ್ಟೆಡ್‌ನಲ್ಲಿ ರೋಂಡಾ ಮೂರು ಸಲ ಹೋದಳು. ಆರ್ಡಿಸ್‌ಗೆ ವಿಷಯ ತಿಳಿದು ನನ್ನ ಮನೆ ಬಾಗಿಲಲ್ಲಿ ಒಂದು ತಟ್ಟೆ ರುಬಾರ್ಬ್ ಬಾರ್ ಎಂಬ ಹುಳಿಸಿಹಿ ತಿಂಡಿ ಇಟ್ಟು ಹೋಗಿದ್ದಳು, ಬೆಲ್ಲು ಒತ್ತದೆ. ಅದರಲ್ಲಿ ಅರ್ಧವನ್ನು ಮರ್ಟನ್‌ಗೆ ಒಯ್ದು ಟೆಸ್‌ಗೆ ಕೊಟ್ಟೆ.

ಮಾರ್ಚ್ ಕೊನೆಯ ಭಾನುವಾರ ಮರ್ಟನ್ ಮುಟ್ಟುವ ಮೊದಲೇ ನನ್ನ ಕಾರಿನ ಗೇರ್ ಬಾಕ್ಸ್ ಕೈಕೊಟ್ಟಿತು. ಮೆಕ್ಯಾನಿಕ್ ಮೂರು ಸಾವಿರದ ಎಂಟುನೂರು ಹೇಳಿದ. ಕಾರಿಲ್ಲದೆ ಈ ಕೆಲಸವೇ ಇಲ್ಲ. ಸೋಮವಾರ ಇಡೀ ದಿನ ರೋಗಿಗಳ ರಕ್ತದೊತ್ತಡ ನೋಡುತ್ತ ತಲೆಯಲ್ಲಿ ಅದೇ ಸಂಖ್ಯೆ.

ಮಂಗಳವಾರ ಬೆಳಿಗ್ಗೆ ಐದಕ್ಕೆ ಕಾಲು ಗಂಟೆ ಇರುವಾಗ ಗ್ಲೆನ್‌ಗೆ ಫೋನ್ ಮಾಡಿದೆ.

“ಹನ್ನೊಂದೇ ಪೇಷಂಟು,” ಎಂದ. “ಒಬ್ರನ್ನ ಬಿಡ್ಬೇಕು. ಟೆಸ್ ಸರದಿ. ನಿಮ್ಮನ್ನೇ ಬರ್ಕೊಳ್ಲಾ?”

ರೋಂಡಾಳ ಅಡುಗೆಮನೆಯಲ್ಲಿ, ರೋಂಡಾಳ ಚಪ್ಪಲಿ ಹಾಕಿಕೊಂಡು ನಿಂತಿದ್ದೆ.

“ಇವತ್ತು ಬೇಡ,” ಎಂದೆ.

“ಸರಿ,” ಎಂದ ಗ್ಲೆನ್.

ಅಷ್ಟೇ. ಏಳು ತಿಂಗಳ ಬಸುರಿ, ಒಂದು ದಿನ ಕಾಲು ಚಾಚಿ ಮಲಗಿದರೆ ಒಳ್ಳೆಯದೇ ಎಂದುಕೊಂಡೆ. ಅವಳ ಒಳ್ಳೆಯದಕ್ಕೇ ಮಾಡಿದೆ ಎನ್ನುವಷ್ಟರ ಮಟ್ಟಿಗೆ ಕಾಫಿ ಮುಗಿಯುವುದರೊಳಗೆ ನನ್ನನ್ನು ನಾನು ನಂಬಿಸಿಕೊಂಡಿದ್ದೆ. ಹನ್ನೆರಡು ಗಂಟೆ ದುಡಿದೆ, ಸಂಬಳ ಬಂತು.

ಬುಧವಾರ ಟೆಸ್ ಬಂದಳು. ಊಟದ ಹೊತ್ತಿಗೆ ನನ್ನ ಕುರ್ಚಿ ಎಂದಿನಂತೆ ಹಿಡಿದಿಟ್ಟಿದ್ದಳು. ಅದು ಇನ್ನೂ ಕಷ್ಟವಾಯಿತು. ಕಾಲಿನ ಊತ ಇಳಿದಿದೆಯಾ ಎಂದು ಕೇಳಿದೆ.

“ಇಳಿದಿದೆ,” ಎಂದಳು. “ಡಾಕ್ಟರಿಗೆ ತೋರಿಸೋಕೆ ರಜೆ ಹಾಕಿದ ಎರಡು ದಿನಾನೂ ಸೇರಿಸಿದ್ರೆ, ಇನ್ನು ಒಂದೇ ಒಂದು ದಿನ ಹೋದ್ರೂ ಮೂವತ್ತು ಆಗಲ್ಲ ವರ್ನಾ. ನಿನ್ನೆ ಮಲಗಿಕೊಂಡು ಕೂಡಿಸಿದೆ.” ಅಷ್ಟು ಹೇಳಿ ತನ್ನ ಡಬ್ಬಿಯ ಸೂಪಿಗೆ ಬಿಸ್ಕತ್ತು ಮುರಿದು ಹಾಕಿಕೊಂಡಳು. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

ಗುರುವಾರ ಬೆಳಿಗ್ಗೆ ರೋಂಡಾಳ ಫ್ರಿಜ್ಜಿಗೆ ಚೀಟಿ ಅಂಟಿಸಿದೆ. ಹೀಟರಿನ ಫಿಲ್ಟರು ಬದಲಿಸಿದ್ದೇನೆ ಎಂದು ಬರೆದೆ. ಮಂಗಳವಾರದ ಸುದ್ದಿ ಇಲ್ಲ. ಬಾಡಿಗೆ ಕಾರಿನಲ್ಲಿ ಹೊರಟೆ. ಕಣಜದ ಹತ್ತಿರ ಕೆಂಪು ಕಾರು ಎದುರಾಯಿತು. ನನ್ನ ಕಾರು ಬೇರೆಯಾದ್ದರಿಂದ ಅವಳಿಗೆ ಗುರುತು ಸಿಗಲಿಲ್ಲ. ನಾನು ಕೈ ಎತ್ತಲಿಲ್ಲ. ಗುರುತು ಸಿಗದಿದ್ದುದು ಒಳ್ಳೆಯದೇ ಆಯಿತು ಎನಿಸಿತು.

ಮನೆಯಲ್ಲಿ ನನ್ನ ಫ್ರಿಜ್ಜಿನ ಮೇಲೆ ಚೀಟಿ ಇರಲಿಲ್ಲ. ಬರೀ ಮ್ಯಾಗ್ನೆಟ್ಟು.

ಮಧ್ಯಾಹ್ನ ಆರ್ಡಿಸ್ ಮನೆಗೆ ಹೋದೆ. ಡೆಲ್ಮರ್ ಕಿಟಕಿಯ ಬಳಿ ಕುಳಿತು ಉಸಿರು ಎಣಿಸಿಕೊಳ್ಳುತ್ತ ಪತ್ರಿಕೆ ಓದುತ್ತಿದ್ದ. ನನ್ನನ್ನು ಕಂಡು, ಬಂದ್ಳು ನೋಡು ಸಾಹುಕಾರ್ತಿ, ಎಂದು ಎಂದಿನ ತಮಾಷೆ ಮಾಡಿದ. ಆರ್ಡಿಸ್ ನಗಲಿಲ್ಲ. ಕಾಫಿ ಬಗ್ಗಿಸಿ ನನ್ನ ಎದುರಿಗೆ ಕುಳಿತಳು.

ಮಂಗಳವಾರ ಹಾಲ್‌ಸ್ಟೆಡ್‌ನಲ್ಲಿಯೂ ರೋಗಿಗಳು ಕಡಿಮೆ ಇದ್ದರಂತೆ. ಆರ್ಡಿಸ್ ಸರದಿ. ಏಳಕ್ಕೆ ಹತ್ತು ನಿಮಿಷ ಇರುವಾಗ ಎಲ್ಲರೂ ಬಂದು ನಿಂತಿದ್ದರು. ನಾನು ಮಾಡಿದ ನಿಯಮವಲ್ಲವೇ, ಮುಖ ನೋಡಿ ಹೇಳಬೇಕು. ರೋಂಡಾ ಗೋಡೆಗೆ ಒರಗಿ ಹಿಮದ ಬೂಟು ಬಿಚ್ಚುತ್ತ ಫೋನಿನಲ್ಲಿ ಮಾತಾಡುತ್ತಿದ್ದಳು. ಟೆಸ್ಸೇ, ಮನೆಗೆ ಕಳಿಸಿದ್ರಾ, ಮತ್ತೆ ವರ್ನಾ ಅವರು ಹೋಗ್ಲಿಲ್ವಾ, ಎಂದು ಕೇಳಿದ್ದು ಆರ್ಡಿಸ್ ಕಿವಿಗೆ ಬಿತ್ತು. ರೋಂಡಾ ಫೋನ್ ಇಟ್ಟು ಒಂದು ಕಾಲಿನಲ್ಲಿ ಬೂಟು, ಒಂದು ಕಾಲಿನಲ್ಲಿ ಬರೀ ಸಾಕ್ಸು, ಹಾಗೆಯೇ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬಿಚ್ಚಿದ ಬೂಟನ್ನು ಮತ್ತೆ ಹಾಕಿಕೊಂಡು ಮೇಜಿನ ಬಳಿ ಹೋಗಿ, ನಾನು ಹೋಗುತ್ತೇನೆ ಎಂದಳು. ಆರ್ಡಿಸ್ ಹಿಂದೆ ಹೋಗಿ ತಡೆದಳು. ಇವತ್ತು ಬೇಡ, ನಾನೇ ಹೋಗ್ತೀನಿ ಎಂದಳು.

“ಅದಕ್ಕೆ ಏನಂದ್ಳು ಗೊತ್ತಾ?” ಎಂದಳು ಆರ್ಡಿಸ್. “‘ನಾನು ಒಪ್ಪಿಕೊಂಡಿದ್ದು ನಿಮ್ಮ ಗಂಟೆ ಉಳಿಸ್ತೀನಿ ಅಂತ. ಅವರು ಒಪ್ಪಿಕೊಂಡಿದ್ದು ಅವರಿಗೆ ಬಿಟ್ಟಿದ್ದು’ ಅಂದ್ಳು. ಬಾಗಿಲು ತೆಗ್ದು ಹೋಗೇಬಿಟ್ಳು.”

ನಾನು ಕಾಫಿಯನ್ನೇ ನೋಡುತ್ತಿದ್ದೆ.

“ವರ್ನಾ. ಮಂಗಳವಾರ ನೀನು ಕೆಲಸಕ್ಕೆ ಹೋಗಿದ್ಯಾ?”

ಗೇರ್ ಬಾಕ್ಸಿನ ಕಥೆ ನಾಲಿಗೆಯ ತುದಿಗೆ ಬಂದಿತ್ತು. ಕಿಟಕಿಯ ಹತ್ತಿರ ಡೆಲ್ಮರ್ ಪುಟ ತಿರುಗಿಸಿದ.

“ಹೋಗಿದ್ದೆ,” ಎಂದೆ.

ಆರ್ಡಿಸ್ ಎದ್ದು ಹೋಗಿ ನನ್ನ ಬಟ್ಟಲಿಗೆ ಇನ್ನಷ್ಟು ಕಾಫಿ ಹಾಕಿದಳು. ನಮ್ಮ ಕಡೆ ಮನೆಗೆ ಬಂದ ಹೊರಗಿನವರಿಗೆ ಹಾಗೆ ಮಾಡುತ್ತಾರೆ. ಹದಿನೇಳು ವರ್ಷದಲ್ಲಿ ಅವಳು ನನಗೆ ಹಾಗೆ ಮಾಡಿದ್ದು ಅದೇ ಮೊದಲು. ಬೇಕಾದರೆ ನೀನೇ ಹಾಕಿಕೋ ಎನ್ನುವವಳು. ಮನೆಗೆ ಬಂದು ತುಂಬ ಹೊತ್ತು ಅತ್ತೆ.

ಭಾನುವಾರ ಮರ್ಟನ್‌ಗೆ ಹೋದವಳೇ ರೋಂಡಾಳ ಫ್ರಿಜ್ಜಿಗೆ ಅಂಟಿಸಿದೆ. ‘ಮಂಗಳವಾರ ನಾನು ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಬೇರೆ ಕಾರಣ ಇಲ್ಲ, ದುಡ್ಡು. ಟೆಸ್‌ಗೂ ಹೇಳುತ್ತೇನೆ.’

ಸೋಮವಾರ ಬೆಳಿಗ್ಗೆ ಆರೂವರೆಗೇ ಹೋಗಿ ಟೆಸ್‌ಗೆ ಅದನ್ನೇ ಬಾಯಲ್ಲಿ ಹೇಳಿದೆ. ಅವಳು ತಲೆ ಆಡಿಸಿದಳು. ಆಮೇಲೆ ಮನೆಗೆ ಹೊರಟಿದ್ದ ಗ್ಲೆನ್‌ನನ್ನು ತಡೆದು, ಪಟ್ಟಿಯಲ್ಲಿ ನನ್ನ ಹೆಸರು ಬರೆಯಿರಿ ಎಂದೆ. ಏಪ್ರಿಲ್ ಕೊನೆಯವರೆಗೆ ಟೆಸ್ ಹೆಸರಿನ ಎದುರಿಗೆಲ್ಲ ನನ್ನ ಹೆಸರು.

“ಟ್ರಾವೆಲರ್ ಹೆಸರು ಪಟ್ಟೀಲಿ ಬರ್ದಿದ್ದಿಲ್ಲ,” ಎಂದ.

“ಫೋನಲ್ಲಿ ನನ್ನ ಕೇಳಬೇಡಿ ಗ್ಲೆನ್. ಕೇಳಿದ್ರೆ ನಾನು ಯೋಚನೆ ಮಾಡ್ತೀನಿ. ಯೋಚನೆ ಮಾಡಿದ್ರೆ ನಾನು ಒಳ್ಳೆಯವಳಲ್ಲ.”

ಅವನು ನನ್ನನ್ನೊಮ್ಮೆ ನೋಡಿ ಪೆನ್ನು ನನ್ನ ಕೈಗೇ ಕೊಟ್ಟ. ಬರೆದೆ. ನನ್ನ ಅಕ್ಷರ ಇನ್ನೊಂದು ಪಟ್ಟಿಯ ಮೇಲೆ ಬಿದ್ದದ್ದು ಹಾಗೆ.

ಆ ನಾಲ್ಕು ವಾರದಲ್ಲಿ ಟೆಸ್ ಸರದಿ ನಾಲ್ಕು ಸಲ ಬಂತು. ನಾಲ್ಕು ಸಲವೂ ನಾನು ರೋಂಡಾಳ ಮನೆಯಲ್ಲಿ ಕುಳಿತೆ. ಗೇರ್ ಬಾಕ್ಸಿನ ಹಣ ಕ್ರೆಡಿಟ್ ಕಾರ್ಡಿನ ಮೇಲೆ ಹೋಯಿತು. ಮೂರನೆಯ ಸಲ ಬ್ರೆಂಟ್ ಫೋನ್ ಮಾಡಿ, ಆರೋಗ್ಯ ಸರಿಯಿಲ್ಲವೇ, ಹೀಗಾದರೆ ಮುಂದಿನ ಕರಾರು ಕಷ್ಟ ಎಂದ. ಸರಿಯಿದೆ ಎಂದೆ. ಕುಳಿತು ಕುಳಿತು ಬೇಜಾರಾಗಿ ಅವಳ ಹಿಂದಿನ ಬಾಗಿಲಿನ ತಿರುಗಣಿ ಬಿಚ್ಚಿ ಸರಿಮಾಡಿದೆ, ಇನ್ನು ಒದೆಯಬೇಕಾಗಿಲ್ಲ. ಅದನ್ನು ಚೀಟಿಯಲ್ಲಿ ಬರೆಯಲಿಲ್ಲ.

ಹಾಲ್‌ಸ್ಟೆಡ್‌ನಲ್ಲಿ ರೋಂಡಾ ಆರ್ಡಿಸ್‌ಗಾಗಿ ಇನ್ನೂ ಎರಡು ಸಲ ಮನೆಗೆ ಹೋದಳೆಂದು ಕೇಳಿ ತಿಳಿದೆ. ಆದರೆ ನನ್ನ ಫ್ರಿಜ್ಜಿನ ಮೇಲೆ ಒಂದು ಚೀಟಿಯೂ ಬರಲಿಲ್ಲ. ವಾರ ವಾರ ಗುರುವಾರ ಬಾಗಿಲು ತೆಗೆದವಳೇ ಮೊದಲು ಅಡುಗೆಮನೆಗೆ ಹೋಗಿ ನೋಡುತ್ತಿದ್ದೆ. ಪಾತ್ರೆ ತೊಳೆದಿರುತ್ತಿದ್ದವು, ಹಾಸಿಗೆ ಮಡಿಸಿರುತ್ತಿತ್ತು, ಹಾಲು ಇರುತ್ತಿತ್ತು. ಬರೀ ಮ್ಯಾಗ್ನೆಟ್ಟು. ಬಾತ್‌ರೂಮಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ದಾರಿಯಲ್ಲಿ, ನನ್ನ ಕಾರು ರಿಪೇರಿಯಾಗಿ ಬಂದ ಮೇಲೂ, ಅವಳು ದೀಪ ಮಿನುಗಿಸಲಿಲ್ಲ. ನಾನು ಮಾತ್ರ ಕೈ ಎತ್ತುವುದನ್ನು ಬಿಡಲಿಲ್ಲ.

ಏಪ್ರಿಲ್ ಮುಗಿಯಿತು. ಅದು ಕರಾರಿನ ಕೊನೆಯ ವಾರ. ಆರ್ಡಿಸ್ ಫೋನ್ ಮಾಡಿ ವಿಮೆ ಉಳಿಯಿತು ಎಂದು ಹೇಳಿದಳು, ಫೋನಿನಲ್ಲಿ ಡೆಲ್ಮರ್ ಕೆಮ್ಮು ಕೇಳಿಸಿತು. ಬುಧವಾರ ಊಟದ ಹೊತ್ತಿಗೆ ಕೇಳಿದಾಗ ಟೆಸ್ ಲೆಕ್ಕ ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ಗುರುವಾರ ಬೆಳಿಗ್ಗೆ ನನ್ನ ಸಾಮಾನು ಕಾರಿಗೆ ತುಂಬಿ, ರೋಂಡಾಳ ಕೀಲಿಯನ್ನು ಅವಳ ಮೇಜಿನ ಮೇಲಿಟ್ಟು ಹೊರಟೆ. ಕಣಜದ ಹತ್ತಿರ ಕೆಂಪು ಕಾರು ಬಂತು. ಕೈ ಎತ್ತಿದೆ. ಅವಳು ಹಾಗೆಯೇ ಹೋದಳು.

ಹಾಲ್‌ಸ್ಟೆಡ್‌ನ ನನ್ನ ಮನೆಯಲ್ಲಿ ಕೀಲಿ ಮೇಜಿನ ಮೇಲಿತ್ತು. ಫ್ರಿಜ್ಜಿನ ಮೇಲೆ ಚೀಟಿ.

‘ನಿನ್ನೆ ಸಂಜೆ ಆಫೀಸಿನವರು ಟೆಸ್‌ಗೆ ಹೇಳಿದರು. ಸರಾಸರಿ ಮೂವತ್ತು ಗಂಟೆ, ಅದರ ಮೇಲೆ ಸ್ವಲ್ಪ. ನಿಮ್ಮ ಮಂಗಳವಾರದ್ದು ನಾನು ಮರೆಯಲ್ಲ. ಹಿಂದಿನ ಬಾಗಿಲು ಸರಿಯಾಗಿ ಮುಚ್ಚುತ್ತೆ, ಅದೂ ನೋಡಿದೆ. ನಲ್ಲಿಗೆ ಹೊಸ ವಾಷರ್ ಹಾಕಿದ್ದೀನಿ.’

ಚೀಟಿ ಕೈಯಲ್ಲಿ ಹಿಡಿದುಕೊಂಡೇ ಬಾತ್‌ರೂಮಿಗೆ ಹೋದೆ. ನಲ್ಲಿ ತಿರುಗಿಸಿ ನೀರು ಬಿಟ್ಟೆ, ಮತ್ತೆ ನಿಲ್ಲಿಸಿದೆ. ಸ್ನಾನದ ತೊಟ್ಟಿಯ ಅಂಚಿನ ಮೇಲೆ ಕುಳಿತು ತುಂಬ ಹೊತ್ತು ಕಿವಿಗೊಟ್ಟೆ. ಒಂದು ಹನಿಯೂ ಬೀಳಲಿಲ್ಲ.